ಹತ್ತನೆಯ ತರಗತಿಯ ನಂತರ ಯಾರನ್ನು ಕೇಳುವುದು?

ಕಾಸರಗೋಡಿನ ಕನ್ನಡ ಮಾಧ್ಯಮದ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಸಲಹೆಗಳ ಸುರಿಮಳೆ. ಇಲ್ಲಿಯೇ ಪ್ಲಸ್ ವನ್ ಸೇರಬೇಕೆ, ಮಂಗಳೂರಿನಲ್ಲಿ ಪಿಯುಸಿ ಓದಬೇಕೆ? ಬಂಧುಗಳ ಮಾತಿನಲ್ಲಿ ಪ್ರೀತಿಗೆ ಕೊರತೆಯಿಲ್ಲ. ನಿಯಮಗಳ ತಿಳಿವಳಿಕೆ ಇರಲೇಬೇಕೆಂದಿಲ್ಲ.

ಒಂದು ಉದಾಹರಣೆ ಸಾಕು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡಿನ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ಕಾಸರಗೋಡು, ಜತ್ತ, ಅಕ್ಕಲಕೋಟೆಗಳಂಥ ಕಡೆಯ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳು ಅದರಡಿ ಅರ್ಜಿ ಸಲ್ಲಿಸಬಹುದು. ವಾಸಸ್ಥಳ, ಮಾತೃಭಾಷೆಗಳ ಪ್ರಮಾಣಪತ್ರಗಳು ಬೇಕು. “ನಾವು ಕೇರಳದವರು, ಅಲ್ಲಿ ನಮಗೆ ಸೀಟಿಲ್ಲ” ಎಂಬ ಮಾತನ್ನು ನಂಬಿದ ಹುಡುಗಿಗೆ ಅಂಥದೊಂದು ಬಾಗಿಲು ಇದ್ದುದೇ ತಿಳಿಯುವುದಿಲ್ಲ.

ಆದುದರಿಂದ ನಿಯಮವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿಯೇ ಓದಬೇಕು. ಹತ್ತು ವರ್ಷ ಕನ್ನಡದಲ್ಲಿ ಕಲಿತು ಇಂಗ್ಲಿಷಿನ ವಿಜ್ಞಾನ ತರಗತಿಯಲ್ಲಿ ಕುಳಿತ ಮೊದಲ ತಿಂಗಳುಗಳು ಹೇಗಿದ್ದವು ಎಂಬುದನ್ನು ಮಾತ್ರ ಯಾವ ಪುಸ್ತಿಕೆಯೂ ಹೇಳದು. ಅದನ್ನು ಅದೇ ಶಾಲೆಯಿಂದ ಎರಡು ವರ್ಷ ಮೊದಲು ಹೋದವರಲ್ಲಿ ಕೇಳಬೇಕು. ಮಾರ್ಕು ಎಷ್ಟೆಂದಲ್ಲ, ಎಲ್ಲಿ ಎಡವಿದಿರಿ, ಯಾರು ಕೈಹಿಡಿದರು ಎಂದು. ಮಗುವಿನ ಒಲವನ್ನು ದಿನವೂ ಕಂಡ ಅಧ್ಯಾಪಕರು ಬಲ್ಲರು. ಹಣದ ಲೆಕ್ಕ ಮನೆಯವರದೇ.

ಈ ಪ್ರಶ್ನೆಗಳನ್ನು ವಿದ್ಯಾರ್ಥಿಯೇ ಕೇಳಲಿ. ಹಿರಿಯ ವಿದ್ಯಾರ್ಥಿನಿ ತನ್ನ ಅಳುಕನ್ನು ಗೆಳತಿಯ ತಂದೆಯ ಮುಂದೆ ಹೇಳಿಕೊಳ್ಳುವುದು ಅಪರೂಪ.