ಕೊಟ್ಟಿಗೆಯ ಫಟಫಟಿಗೆ ಮರುಜೀವ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳಬರ ಬಾಯಲ್ಲಿ ಮೋಟಾರ್ ಸೈಕಲ್ ಎಂದರೆ ‘ಫಟಫಟಿ’. ಸದ್ದೇ ಹೆಸರಾದ ಯಂತ್ರ ಅದು. ಯೆಜ್ಡಿ, ರಾಜದೂತ್, ಆಮೇಲೆ ಬಂದ ಆರ್‌ಎಕ್ಸ್ 100 - ಎಲ್ಲವೂ ಟೂ-ಸ್ಟ್ರೋಕ್ ಗಾಡಿಗಳು. ಹಾಲಿನ ಕ್ಯಾನು ಹೊತ್ತವು, ತೊಗರಿ ಚೀಲ ಹೊತ್ತವು, ಗಾಣಗಾಪುರದ ಜಾತ್ರೆಗೆ ಮನೆಮಂದಿಯನ್ನೆಲ್ಲ ಹೊತ್ತವು. ಈಗ ಅವುಗಳಲ್ಲಿ ಅದೆಷ್ಟೋ ಗಾಡಿಗಳು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು, ಮುರಿದ ಕುಂಟೆ-ರಂಟೆಗಳ ಜೊತೆ ಒರಗಿ ನಿಂತಿವೆ.

ಇಂಥ ಗಾಡಿಯ ಮುಂದೆ ಅಪ್ಪ ಮತ್ತು ಮಗ ಬೇರೆ ಬೇರೆ ಕನಸು ಕಾಣುತ್ತಾರೆ. ಅಪ್ಪನಿಗೆ ಅದು ಗುಜರಿ. ಕಾಲೇಜು ಓದುವ ಮಗನಿಗೆ ಅದರ ಮಡ್‌ಗಾರ್ಡ್ ಕಿತ್ತು, ಸೈಲೆನ್ಸರ್ ಕತ್ತರಿಸಿ, ಗುಂಡು ಗುಂಡು ಹಲ್ಲಿನ ಟೈರು ಹಾಕಿ, ಟಿ.ವಿ.ಯಲ್ಲಿ ಕಂಡ ಮೋಟೋಕ್ರಾಸ್ ಗಾಡಿಯಂತೆ ಹೊಲದ ಬದು ಹಾರಿಸುವ ಆಸೆ. ಗುಜರಿಗೆ ಹಾಕಿದರೆ ಗಾಡಿ ಹೋಯಿತು. ತಿಳಿಯದೆ ಕತ್ತರಿಸಿದರೂ ಹೋಯಿತು. ಹಾಗಾದರೆ ಉಳಿಸುವ ದಾರಿ ಯಾವುದು?

ಮೊದಲು ಈ ಗಾಡಿಯ ವಂಶಾವಳಿಯನ್ನು ಸ್ವಲ್ಪ ನೋಡಬೇಕು.

1929ರಲ್ಲಿ ಝೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡ. ಎರಡು ಹೆಸರುಗಳ ಮೊದಲಕ್ಷರ ಕೂಡಿ ‘ಜಾವಾ’ ಆಯಿತು. 1961ರಲ್ಲಿ ರುಸ್ತುಂ ಮತ್ತು ಫರ್ರೋಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ಶುರುವಾಯಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಮೈಸೂರಿನಲ್ಲಿ ಹುಟ್ಟಿದ ಗಾಡಿ ಭೀಮಾ ತೀರದ ಎರೆ ಹೊಲಕ್ಕೆ ಬಂದು ನೆಲೆಸಿದ್ದು ಒಂದು ಸಣ್ಣ ಕರ್ನಾಟಕ ಏಕೀಕರಣವೇ ಸರಿ! ಜಾವಾ ಮತ್ತು ಯೆಜ್ಡಿ ಹೆಸರುಗಳು 2018 ಮತ್ತು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಅವು ಫೋರ್-ಸ್ಟ್ರೋಕ್ ಗಾಡಿಗಳು. ಹಳೆಯದರ ಬಿಡಿಭಾಗ ಅವುಗಳಿಂದ ಸಿಗುವುದಿಲ್ಲ.

ಜಾವಾಕ್ಕೆ ಒಡಹುಟ್ಟಿನಂತಿದ್ದ ಇನ್ನೊಂದು ಝೆಕ್ ಕಂಪನಿ ಸಿಝಡ್. ಮೋಟೋಕ್ರಾಸ್ ಇತಿಹಾಸದಲ್ಲಿ ಅದರ ಹೆಸರು ದೊಡ್ಡದು. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಗುಡ್ಡ, ಕೆಸರು, ಹಳ್ಳಗಳ ಮೇಲೆ ನಡೆದ ‘ಸ್ಕ್ರ್ಯಾಂಬಲ್’ ಎಂಬ ಓಟದಿಂದ ಈ ಆಟ ಬೆಳೆಯಿತು. ಬಹುಕಾಲ ಅಲ್ಲಿ ಫೋರ್-ಸ್ಟ್ರೋಕ್ ಭಾರಿ ಗಾಡಿಗಳದ್ದೇ ದರ್ಬಾರು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ ಎಂಬ ಯುವಕ ಸಿಝಡ್ ಟೂ-ಸ್ಟ್ರೋಕ್ ಏರಿ 250 ಸಿಸಿ ವಿಶ್ವ ಚಾಂಪಿಯನ್ ಆದ. 1966ರಿಂದ ಮೂರು ವರ್ಷ ಸತತವಾಗಿ ಪಾಲ್ ಫ್ರೀಡ್ರಿಕ್ಸ್ 500 ಸಿಸಿ ಪಟ್ಟವನ್ನೂ ಸಿಝಡ್‌ಗೆ ತಂದುಕೊಟ್ಟ. ಆಗಿನ 250 ಸಿಝಡ್‌ಗೂ ನಮ್ಮ ಯೆಜ್ಡಿಯ ಹಾಗೆ ಒಂದೇ ಸಿಲಿಂಡರಿಗೆ ಎರಡು ಹೊಗೆ ಪೈಪು ಇದ್ದವು. ಮುಂದೆ ಸಿಝಡ್ ಎರಡನ್ನು ಬಿಟ್ಟು ಒಂದೇ ಪೈಪಿಗೆ ಬಂತು. ಏಕೆ?

ಪೈಪಿನೊಳಗಿನ ಗುಟ್ಟು

ಪಠ್ಯಪುಸ್ತಕದ ಚಿತ್ರದಲ್ಲಿ ಟೂ-ಸ್ಟ್ರೋಕ್ ಎಂಜಿನ್ ಬಹಳ ಸರಳ. ವಾಲ್ವ್‌ಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಅವನ್ನು ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಮೇಲೇರುವಾಗ ಅದರ ತಲೆಯ ಮೇಲಿನ ಮಿಶ್ರಣ ಒತ್ತಲ್ಪಡುತ್ತದೆ. ಅದೇ ಹೊತ್ತಿಗೆ ಕೆಳಗಿನ ಕ್ರ್ಯಾಂಕ್ ಕೋಣೆಗೆ ಹೊಸ ಪೆಟ್ರೋಲ್-ಗಾಳಿ ನುಗ್ಗುತ್ತದೆ. ಕಿಡಿ ಹಾರಿ ಪಿಸ್ಟನ್ ಕೆಳಗಿಳಿಯುವಾಗ ಸುಟ್ಟ ಹೊಗೆ ಒಂದು ಕಿಂಡಿಯಿಂದ ಹೊರಗೆ ಹೋದರೆ, ಕೆಳಗಿನ ಹೊಸ ಮಿಶ್ರಣ ಇನ್ನೊಂದು ಕಿಂಡಿಯಿಂದ ಮೇಲೆ ಬರುತ್ತದೆ. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಸ್ಫೋಟ. ಫೋರ್-ಸ್ಟ್ರೋಕಿನಲ್ಲಾದರೆ ಎರಡು ಸುತ್ತಿಗೆ ಒಂದು.

ತೊಂದರೆಯೂ ಇಲ್ಲೇ ಇದೆ. ಎರಡೂ ಕಿಂಡಿ ಏಕಕಾಲಕ್ಕೆ ತೆರೆದಿರುವುದರಿಂದ ಹೊಸ ಪೆಟ್ರೋಲಿನ ಮೂರರಲ್ಲಿ ಒಂದು ಪಾಲಿನವರೆಗೂ ಸುಡದೆಯೇ ಹೊಗೆಯ ಜೊತೆ ಹೊರಗೆ ಜಾರಬಹುದು. 2000ದಲ್ಲಿ ಬಿಗಿಯಾದ ಹೊಗೆ ನಿಯಮಗಳ ಮುಂದೆ ನಮ್ಮ ದೇಶದ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ಲುಗಳು ಸೋತದ್ದು ಮುಖ್ಯವಾಗಿ ಇದೇ ಕಾರಣಕ್ಕೆ.

ಹೊರಗೆ ಜಾರಿದ್ದನ್ನು ಒಳಗೆ ತಳ್ಳಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದವರು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಹೊಗೆ ಹೊರಬೀಳುವಾಗ ಪೈಪಿನಲ್ಲಿ ಒಂದು ಒತ್ತಡದ ಅಲೆ ಹೊರಡುತ್ತದೆ. ಪೈಪು ಮೊದಲು ಹಿಗ್ಗಿ, ಮುಂದೆ ಕುಗ್ಗುವ ಆಕಾರದಲ್ಲಿದ್ದರೆ ಆ ಅಲೆ ತಿರುಗಿ ಬಂದು, ಜಾರಿಹೋಗುತ್ತಿದ್ದ ಪೆಟ್ರೋಲನ್ನು ಸರಿಯಾದ ಕ್ಷಣದಲ್ಲಿ ಸಿಲಿಂಡರಿಗೇ ನೂಕುತ್ತದೆ. ಬಾವಿಗೆ ಕೂಗಿದರೆ ಮರುದನಿ ಬರುವ ಹಾಗೆ. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ರೋಡ್‌ಕಿಂಗ್ ತನ್ನ 250 ಸಿಸಿಯಲ್ಲಿ ಕೊಟ್ಟದ್ದು 16. ಅದೇ ವರ್ಷ ಎಂಝಡ್‌ನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಮರಳಿ ಬರಲಿಲ್ಲ. ಗುಟ್ಟು ಅವನ ಜೊತೆ ಜಪಾನಿನ ಸುಜುಕಿಗೆ ಹೋಯಿತು. ಮರುವರ್ಷವೇ 50 ಸಿಸಿ ವಿಶ್ವ ಪಟ್ಟ ಸುಜುಕಿಯ ಪಾಲಾಯಿತು. ಸಿನಿಮಾ ಕಥೆಯಂತಿದ್ದರೂ ಇದು ನಡೆದ ಸಂಗತಿ.

ಇಷ್ಟು ತಿಳಿದ ಮೇಲೆ ಸೈಲೆನ್ಸರಿಗೆ ಗರಗಸ ಹಾಕುವ ಕೈ ತಾನಾಗಿ ತಡೆಯಬೇಕು. ಟೂ-ಸ್ಟ್ರೋಕಿನಲ್ಲಿ ಪೈಪು ಎಂದರೆ ಎಂಜಿನ್ನಿನದೇ ಒಂದು ಅಂಗ. ಕತ್ತರಿಸಿದರೆ ಸದ್ದು ಹೆಚ್ಚುತ್ತದೆ, ಶಕ್ತಿ ಹೆಚ್ಚುವುದಿಲ್ಲ. ಊರವರ ಬೈಗುಳ ಬೇರೆ.

ಮೊದಲು ರಿಪೇರಿ, ಆಮೇಲೆ ರಂಗು

ಹತ್ತಾರು ವರ್ಷ ನಿಂತ ಗಾಡಿಗೆ ಪೆಟ್ರೋಲ್ ಹಾಕಿ ಕಿಕ್ ಹೊಡೆಯುವುದು ಬಹುತೇಕ ಹುಡುಗರ ಮೊದಲ ತಪ್ಪು. ಅಕಸ್ಮಾತ್ ಶುರುವಾಗಿಬಿಟ್ಟರೆ ಇನ್ನೂ ಕಷ್ಟ! ಕ್ರ್ಯಾಂಕಿನ ಎರಡು ತುದಿಗೆ ರಬ್ಬರಿನ ಆಯಿಲ್ ಸೀಲುಗಳಿರುತ್ತವೆ. ಕಲಬುರಗಿ ಬಿಸಿಲಿನಲ್ಲಿ ಅವು ಒಣಗಿ ಕಲ್ಲಾಗಿರುತ್ತವೆ. ಬಿರುಕಿನಿಂದ ಕಳ್ಳ ಗಾಳಿ ಒಳಗೆ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರೊಂದಿಗೆ ಎಣ್ಣೆಯೂ. ಎಂಜಿನ್ ತಾನಾಗಿಯೇ ರೊಯ್ಯನೆ ಏರುತ್ತದೆ. ಹುಡುಗ ಖುಷಿಪಡುತ್ತಾನೆ. ಒಳಗೆ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರನ್ನು ಕಚ್ಚಿ ನಿಲ್ಲುತ್ತದೆ. ಮೆಕ್ಯಾನಿಕ್ಕುಗಳು ‘ಸೀಜ್ ಆಯ್ತು’ ಎನ್ನುವುದು ಇದಕ್ಕೇ. ಬೆಲೆಯಲ್ಲಿ ಸಣ್ಣದಾದ ಸೀಲು ಇಡೀ ಎಂಜಿನ್ನಿನ ಹಣೆಬರಹ ಬರೆಯುತ್ತದೆ.

ಆದ್ದರಿಂದ ಎಂಜಿನ್ ಪೂರಾ ಬಿಚ್ಚಲೇಬೇಕು. ಬಿಚ್ಚುವ ಮೊದಲು ಪ್ರತಿ ಹಂತದ ಫೋಟೋ, ಪ್ರತಿ ನಟ್ಟು-ಬೋಲ್ಟಿಗೆ ಒಂದು ಚೀಟಿ. ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಹಳೆಯ ಧೋತರ ಹಾಸಿ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟರೆ ಮರಳಿ ಕೂಡಿಸುವಾಗ ತಲೆ ಕೆಡುವುದಿಲ್ಲ. ಸಿಲಿಂಡರ್ ಸವೆದಿದ್ದರೆ ಲೇಥ್ ಅಂಗಡಿಯಲ್ಲಿ ಬೋರ್ ಮಾಡಿಸಿ ಕಾಲು ಅಥವಾ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿಸಬೇಕು. ಪಿಸ್ಟನ್ ಮೊದಲು ಕೈಗೆ ಬರಬೇಕು; ಅದನ್ನು ಅಳೆದ ಮೇಲೆಯೇ ಬೋರ್. ಕ್ರ್ಯಾಂಕಿನ ಬೇರಿಂಗ್ ಹೋಗಿದ್ದರೆ ಅದು ಪ್ರೆಸ್ ಯಂತ್ರವಿರುವ ಅನುಭವಿಯ ಕೆಲಸ, ಮನೆಯ ಸುತ್ತಿಗೆಯದಲ್ಲ. ಅಂಥವರಿಗಾಗಿ ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಬೇಕಾದೀತು. ಮಗ ಜೊತೆಗೆ ಹೋಗಿ ಮೈಕ್ರೋಮೀಟರ್ ಹಿಡಿದು ಅಳೆಯುವುದನ್ನು ನೋಡಲಿ. ಮಿಲಿಮೀಟರಿನ ನೂರನೇ ಒಂದು ಭಾಗ ಎಂದರೇನು ಎಂಬುದು ಅಲ್ಲಿ ತಿಳಿದಂತೆ ತರಗತಿಯಲ್ಲಿ ತಿಳಿಯುವುದು ಕಷ್ಟ.

ಟ್ಯಾಂಕಿನೊಳಗಿನ ತುಕ್ಕು ಇನ್ನೊಂದು ಪಾಠ. ತಾಯಂದಿರು ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ತಿಕ್ಕುವುದು ಯಾವ ತತ್ವದ ಮೇಲೋ, ತುಕ್ಕು ತೆಗೆಯುವ ಆಮ್ಲದ ಕೆಲಸವೂ ಅದೇ ತತ್ವದ್ದು: ಲೋಹದ ಮೇಲಿನ ಆಕ್ಸೈಡ್ ಆಮ್ಲದಲ್ಲಿ ಕರಗುತ್ತದೆ. ತೂತು ಬಿದ್ದಿದೆಯೆಂದು ಟ್ಯಾಂಕಿಗೆ ನೇರವಾಗಿ ವೆಲ್ಡಿಂಗ್ ಮಾಡಿಸುವುದು ಮಾತ್ರ ಪ್ರಾಣಕ್ಕೆ ಎರವು. ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಆ ಧೂಳನ್ನು ಬಾಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಎಣ್ಣೆಯ ಲೆಕ್ಕ ಮೂರನೇ ತರಗತಿಯದು, ಆದರೂ ತಪ್ಪುವವರೇ ಹೆಚ್ಚು. 25ಕ್ಕೆ 1 ಎಂದರೆ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್. 40ಕ್ಕೆ 1 ಎಂದರೆ 25. ಯಾವುದು ಎಂಬುದನ್ನು ಆಯಾ ಗಾಡಿಯ ಕೈಪಿಡಿ ಹೇಳುತ್ತದೆ, ಪಕ್ಕದ ಮನೆಯವರಲ್ಲ.

ಎಷ್ಟು ಬದಲಿಸಬೇಕು?

ಮೋಟೋಕ್ರಾಸ್ ಗಾಡಿಯ ಮುಂದಿನ ಮಡ್‌ಗಾರ್ಡ್ ಟೈರಿಗೆ ಅಂಟದೆ ಎತ್ತರದಲ್ಲಿ ಏಕಿರುತ್ತದೆ? ಮಳೆ ಬಿದ್ದ ಮರುದಿನ ಜೇವರ್ಗಿ ಕಡೆಯ ಎರೆ ಹೊಲದಲ್ಲಿ ನೂರು ಅಡಿ ಗಾಡಿ ತಳ್ಳಿದವರಿಗೆ ಉತ್ತರ ಗೊತ್ತು. ನೀರು ಕುಡಿದು ಉಬ್ಬುವ ಈ ಜಿಗುಟು ಮಣ್ಣು ಮಡ್‌ಗಾರ್ಡಿಗೂ ಟೈರಿಗೂ ನಡುವೆ ತುಂಬಿ ಗಾಲಿಯನ್ನೇ ಕಟ್ಟಿಹಾಕುತ್ತದೆ. ಹಾಗಾಗಿ ಎತ್ತರದ ಮಡ್‌ಗಾರ್ಡ್, ಹಲ್ಲಿನ ಟೈರು, ಹಿಂದೆ ಒಂದೆರಡು ಹಲ್ಲು ಹೆಚ್ಚಿನ ಸ್ಪ್ರಾಕೆಟ್ - ಇವು ಬೋಲ್ಟು ಬಿಚ್ಚಿ ಮರಳಿಸಬಹುದಾದ ಬದಲಾವಣೆಗಳು. ಹಳೆಯ ಜಾವಾಗಳ 6 ವೋಲ್ಟ್ ವಿದ್ಯುತ್ತನ್ನು 12 ವೋಲ್ಟಿಗೆ ಏರಿಸುವುದು, ಕಾಂಟ್ಯಾಕ್ಟ್ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ನಿಜಕ್ಕೂ ಉಪಯೋಗದ ಸುಧಾರಣೆ. ಹಳೆಯ ಭಾಗಗಳನ್ನು ಎಸೆಯದೆ ಡಬ್ಬದಲ್ಲಿ ಕಟ್ಟಿಡಬೇಕು, ಅಷ್ಟೇ.

ಫ್ರೇಮಿಗೆ ಕೈ ಹಾಕುವುದು ಬೇರೆ ಮಾತು. 1970ರ ಸುಮಾರಿಗೆ ಮೋಟೋಕ್ರಾಸ್ ಗಾಡಿಗಳ ಗಾಲಿಯೂ ನಾಲ್ಕೈದು ಅಂಗುಲವಷ್ಟೇ ಮೇಲೆ ಕೆಳಗೆ ಆಡುತ್ತಿತ್ತು. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಎಂಬ ಅಧ್ಯಾಪಕರು ಸೀಟಿನ ಕೆಳಗೆ ಒಂದೇ ಉದ್ದನೆಯ ಶಾಕ್ ಅಬ್ಸಾರ್ಬರ್ ಇರಿಸುವ ಉಪಾಯ ಕಂಡುಹಿಡಿದರು. ಯಮಹಾ ಅದನ್ನು ಕೊಂಡು 1973ರಲ್ಲಿ 250 ಸಿಸಿ ವಿಶ್ವ ಪಟ್ಟ ಗೆದ್ದಿತು. ಆ ದಶಕ ಮುಗಿಯುವಷ್ಟರಲ್ಲಿ ಆಟ ಹನ್ನೆರಡು ಅಂಗುಲ ಮುಟ್ಟಿತು. ಆದರೆ ಅವರು ಅದಕ್ಕೆ ತಕ್ಕ ಫ್ರೇಮನ್ನೇ ಕಟ್ಟಿದರು. ಯೆಜ್ಡಿಗೆ ಬರೀ ಉದ್ದನೆಯ ಶಾಕ್ ಹಾಕಿದರೆ ಹಿಂಭಾಗ ಏರಿ, ಹ್ಯಾಂಡಲಿನ ಕೋನ ಕೆಟ್ಟು, ವೇಗದಲ್ಲಿ ಮುಂಗಾಲಿ ಅದುರತೊಡಗುತ್ತದೆ. ರಸ್ತೆಗೆಂದು ಮಾಡಿದ ಫ್ರೇಮು ಬದು ಹಾರಿದಾಗ ವೆಲ್ಡಿಂಗ್ ಬಳಿ ಬಿರುಕು ಬಿಡುತ್ತದೆ. ಹಳ್ಳಿಯ ಕಚ್ಚಾ ದಾರಿಯಲ್ಲಿ ನಿಧಾನವಾಗಿ ಓಡಾಡುವ ಗಾಡಿ ಮಾಡಬಹುದು. ಹಾರುವ ಗಾಡಿ ಮಾಡುವುದು ಆತ್ಮವಂಚನೆ.

ತಂದೆ ತಾಯಿ ತಿಳಿಯಬೇಕಾದ್ದು

ಮೋಟಾರ್ ಸೈಕಲ್ಲಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆರ್.ಸಿ. ಪುಸ್ತಕ ಅಜ್ಜನ ಟ್ರಂಕಿನಲ್ಲಿದ್ದರೆ ಎಂಜಿನ್ ಬಿಚ್ಚುವ ಮೊದಲೇ ಹುಡುಕಿ, ಅದರಲ್ಲಿರುವ ಎಂಜಿನ್ ಮತ್ತು ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡುವುದು ಒಳ್ಳೆಯದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾದ ಮಾರ್ಪಾಟನ್ನು ಒಪ್ಪುವುದಿಲ್ಲ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿಗೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನಂಬರು ಸಿಗುತ್ತದೆ. ಅದರಲ್ಲಿ ದಿನನಿತ್ಯ ಓಡಾಡುವಂತಿಲ್ಲ. 1960ರ ದಶಕದ ಜಾವಾ ಇದ್ದವರು ಗರಗಸ ಎತ್ತುವ ಮುನ್ನ ಇದನ್ನು ಯೋಚಿಸಲಿ.

ಗೇರ್ ಗಾಡಿಯ ಲೈಸೆನ್ಸಿಗೆ 18 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಅದಕ್ಕಿಂತ ಚಿಕ್ಕವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ವಿಧಿಸಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸಿಲ್ಲ. ಸ್ಪ್ಯಾನರ್ ಹಿಡಿಯಲು ವಯಸ್ಸಿನ ನಿರ್ಬಂಧವಿಲ್ಲ ಎಂಬುದೊಂದು ಸಮಾಧಾನ.

ನಿಜವಾಗಿ ಮೋಟೋಕ್ರಾಸ್ ಕಲಿಯಬೇಕೆಂಬ ಹುಚ್ಚಿದ್ದರೆ ಅದಕ್ಕೆ ಬೇಕಾದದ್ದು ತರಬೇತಿಯ ಅಂಗಳ, ಹೆಲ್ಮೆಟ್, ಎದೆ-ಮೊಣಕಾಲು ಕವಚ, ಹತ್ತಿರದಲ್ಲೇ ವೈದ್ಯರು. ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೋಕ್ರಾಸಿನಿಂದ ಆರಂಭಿಸಿ, 2015ರಲ್ಲಿ ಡಕಾರ್ ರ್‍ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಕೋಲಾರದ ಬಳಿ ತರಬೇತಿಯ ಡರ್ಟ್ ಪಾರ್ಕನ್ನೂ ಕಟ್ಟಿದರು. ಅಂಥ ನುರಿತ ಸವಾರರೇ 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ತಿಂದರು. ಬರಿ ತಲೆಯಲ್ಲಿ ಹೊಲದ ಬದು ಹಾರಿಸುವವರಿಗೆ ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ.

ಎಲ್ಲ ಕೂಡಿಸಿ ಗಾಡಿ ಶುರುವಾದ ಮೇಲೂ ಮೊದಲ ಕೆಲವು ನೂರು ಕಿಲೋಮೀಟರ್ ಪೂರ್ತಿ ಆ್ಯಕ್ಸಿಲರೇಟರ್ ತಿರುಗಿಸಬಾರದು. ಹೊಸ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳಬೇಕು. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ, ಆಗಾಗ ನಿಲ್ಲಿಸಿ ಆರಲು ಬಿಡಬೇಕು. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು. ತುದಿ ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚು. ಬಿಳಿಚಿಕೊಂಡಿದ್ದರೆ ಮಿಶ್ರಣ ತೀರ ತೆಳು, ಎಲ್ಲೋ ಕಳ್ಳ ಗಾಳಿ ಇರಬಹುದು. ಕೂಡಲೇ ನಿಲ್ಲಿಸಿ ಸೀಲು ನೋಡಬೇಕು. ಚಹಾದ ಜೊತೆ ತಿನ್ನುವ ಬಿಸ್ಕತ್ತಿನ ಬಣ್ಣ ಬಂದಿದ್ದರೆ ಕಾರ್ಬ್ಯುರೇಟರಿನ ಸ್ಕ್ರೂ ಇನ್ನು ತಿರುಗಿಸಬೇಕಾಗಿಲ್ಲ.