ಸೊಹಾರ್‌ನ ಬಿಸಿ ಲೋಹಕ್ಕೆ ಎರಡು ದಾರಿ

ಒಮಾನಿನ ಬಾತಿನಾ ಕರಾವಳಿಯ ಸೊಹಾರ್‌ನಲ್ಲಿ ತಯಾರಾಗುವ ಅಲ್ಯೂಮಿನಿಯಂನ ಒಂದು ಪಾಲು ಆರುವ ಮೊದಲೇ ಗಿರಾಕಿಯ ಮನೆ ಸೇರುತ್ತದೆ. ಕುಲುಮೆಯಿಂದ ತೆಗೆದ ಕರಗಿದ ಲೋಹವನ್ನು ದೊಡ್ಡ ಪಾತ್ರೆಗಳಿಗೆ ತುಂಬಿ ಹತ್ತಿರದ ಕಾರ್ಖಾನೆಗಳಿಗೆ ಹಾಗೇ ಸಾಗಿಸುತ್ತಾರೆ. ಉಳಿದದ್ದು ಗಟ್ಟಿಗಳಾಗಿ ಎರಕಗೊಂಡು ಹಡಗು ಹತ್ತುತ್ತದೆ.

ಸೊಹಾರ್ ಅಲ್ಯೂಮಿನಿಯಂ ಕಂಪನಿ ಹುಟ್ಟಿದ್ದು 2004ರಲ್ಲಿ, ಮೊದಲ ಲೋಹ ಹರಿದದ್ದು 2008ರಲ್ಲಿ. ಒಮಾನ್ ಸರ್ಕಾರದ ತೈಲ ಕಂಪನಿ, ಅಬುಧಾಬಿಯ ಇಂಧನ ಕಂಪನಿ ತಾಖಾ ಮತ್ತು ಗಣಿ ಕಂಪನಿ ರಿಯೊ ಟಿಂಟೊ ಇದರ ಪಾಲುದಾರರು. ಕಚ್ಚಾವಸ್ತುವಾದ ಅಲ್ಯೂಮಿನಾ ಹೊರದೇಶದಿಂದ ಬರಬೇಕು. ಒಮಾನಿನದೇ ಎನ್ನಬಹುದಾದ ದೊಡ್ಡ ಬಂಡವಾಳ ಅನಿಲ. ಒಂದು ಟನ್ ಅಲ್ಯೂಮಿನಿಯಂ ತೆಗೆಯಲು ಸುಮಾರು 14,000 ಯೂನಿಟ್ ವಿದ್ಯುತ್ ಬೇಕಾಗುವುದರಿಂದ, ಕಂಪನಿ ತನ್ನದೇ 1,000 ಮೆಗಾವಾಟ್ ಅನಿಲ ವಿದ್ಯುತ್ ಸ್ಥಾವರ ಕಟ್ಟಿಕೊಂಡಿದೆ. ಗಟ್ಟಿಯನ್ನಷ್ಟೇ ಮಾರಿದರೆ ನಾಡಿನ ಅನಿಲವನ್ನೇ ಲೋಹದ ರೂಪದಲ್ಲಿ ಹೊರಗೆ ಕಳಿಸಿದ ಹಾಗೆ.

ಅದಕ್ಕೇ ಇಲ್ಲಿ ಒಂದು ಕಟ್ಟು ಹಾಕಿಕೊಂಡರು: ಉತ್ಪಾದನೆಯ ಶೇ. 60ರವರೆಗೆ ಸ್ಥಳೀಯ ಕಾರ್ಖಾನೆಗಳಿಗೆ ಮೀಸಲು. ಒಂದು ಕಾರ್ಖಾನೆ ಆ ಲೋಹದಿಂದ ವಿದ್ಯುತ್ ತಂತಿಗೆ ಬೇಕಾದ ಸರಳು ಎಳೆಯುತ್ತದೆ, ಇನ್ನೊಂದು ಹಾಳೆ ತೆಗೆಯುತ್ತದೆ. ಬಿಸಿಯಾಗಿಯೇ ಬರುವುದರಿಂದ ಮತ್ತೆ ಕರಗಿಸುವ ಇಂಧನ ಉಳಿಯುತ್ತದೆ. ಹಡಗಿನಲ್ಲಿ ಗಟ್ಟಿ ತರಿಸಿಕೊಳ್ಳುವ ದೂರದ ಕಾರ್ಖಾನೆಗೆ ಈ ಅನುಕೂಲ ಎಲ್ಲಿಂದ ಬರಬೇಕು?

ಹಾಗೆಂದು ಈ ಪಾಲೆಲ್ಲ ಒಮಾನಿನಲ್ಲೇ ಬಳಕೆಯಾಗುತ್ತದೆ ಎಂದುಕೊಳ್ಳಬಾರದು. ಅರ್ಧ ಕೋಟಿ ಆಸುಪಾಸಿನ ಜನಸಂಖ್ಯೆಯ ದೇಶಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ಟನ್ನಿನ ಹತ್ತಿರ ಬರುವ ಲೋಹದಲ್ಲಿ ಅಷ್ಟು ಪಾಲೂ ತೀರಾ ಹೆಚ್ಚು. ಸರಳು, ಹಾಳೆ ತಯಾರಿಸುವವರೂ ಹೊರದೇಶದ ಗಿರಾಕಿಗಳನ್ನು ಹುಡುಕಲೇಬೇಕು. ದೇಶೀಯ ಪಾಲು ಎಂದು ಲೆಕ್ಕಕ್ಕೆ ಬಂದದ್ದು ಬೆಲೆ, ಕೂಲಿ, ಕೌಶಲ ಕೂಡಿಸಿಕೊಂಡು ತಡವಾಗಿ ರಫ್ತಾಗುವ ಸರಕು. ಒಮಾನಿಗೆ ಆ ತಡವೇ ಲಾಭ.

ಹೊರದೇಶದ ಗಿರಾಕಿಗಳನ್ನು ನಂಬಿರುವುದರಲ್ಲೇ ಅಪಾಯವೂ ಇದೆ. 2009ರಿಂದ ಒಮಾನ್–ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಆದರೂ ಅಮೆರಿಕ 2018ರಲ್ಲಿ ಅಲ್ಯೂಮಿನಿಯಂ ಆಮದಿನ ಮೇಲೆ ಶೇ. 10 ಸುಂಕ ಹಾಕಿತು. 2021ರಲ್ಲಿ ಅಗ್ಗದ ಹಾಳೆ ಸುರಿಯುತ್ತಿವೆಯೆಂದು ಹಲವು ದೇಶಗಳ ಮೇಲೆ ವಿಶೇಷ ಸುಂಕ ವಿಧಿಸಿದಾಗ ಒಮಾನ್ ಮತ್ತು ಭಾರತ ಎರಡೂ ಆ ಪಟ್ಟಿಯಲ್ಲಿದ್ದವು.

ಕಚ್ಚಾ ಸರಕನ್ನು ಹೊರಗೆ ಕಳಿಸಬೇಕೆ, ನಾಡಿನಲ್ಲೇ ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ಬಂದ ಬಗೆ ಬೇರೆ. ಅಕ್ರಮ ಗಣಿಗಾರಿಕೆಯ ಗದ್ದಲದ ನಡುವೆ 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಕಬ್ಬಿಣದ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆದು, ಮುಂದೆ ಅದಿರು ಇ-ಹರಾಜಿನ ಮೂಲಕವೇ ಮಾರಾಟವಾಗಬೇಕೆಂದಿತು. 2022ರ ಮೇ 20ರಂದು ರಫ್ತಿಗೆ ಅದೇ ನ್ಯಾಯಾಲಯ ಅನುಮತಿ ಕೊಟ್ಟಿತು. ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿ, ಅದಿರಿನ ಉಂಡೆಗಳಿಗೂ ಶೇ. 45 ಹೇರಿತು. ಮಂಗಳೂರಿನಲ್ಲಿ ಉಂಡೆ ತಯಾರಿಸಿ ಹೆಚ್ಚಾಗಿ ಹೊರದೇಶಕ್ಕೇ ಮಾರುವ ಸರ್ಕಾರಿ ಕಂಪನಿ ಕೆಐಒಸಿಎಲ್‌ಗೆ ಇದು ದೊಡ್ಡ ಪೆಟ್ಟು. ನವೆಂಬರ್‌ನಲ್ಲಿ ಆ ಏರಿಕೆ ರದ್ದಾಯಿತು.

ನಾಡಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಉಳಿಸುವ ಉದ್ದೇಶ ಸರಿಯಾದದ್ದೇ. ಆದರೆ ಆರು ತಿಂಗಳಲ್ಲಿ ಬಂದು ಹೋಗುವ ಸುಂಕವನ್ನು ನಂಬಿ ಯಾರೂ ಕುಲುಮೆ ಕಟ್ಟುವುದಿಲ್ಲ. ಸೊಹಾರ್‌ನ ಸರಳಿನ ಕಾರ್ಖಾನೆಗೆ ತನ್ನ ಲೋಹ ಯಾವ ಕುಲುಮೆಯಿಂದ ಬರುತ್ತದೆಂದು ಮೊದಲೇ ಗೊತ್ತಿತ್ತು. ಯಂತ್ರ ತರಿಸಲು ಬ್ಯಾಂಕಿನ ಮುಂದೆ ಇಡಬಹುದಾದ ಲೆಕ್ಕ ಅದು.