ಹೆಣಿಗೆಯ ಪುಟ್ಟ ಗುಮ್ಮಗಳು

ಅಕ್ಟೋಬರ್ 31ರ ಸಂಜೆ ಅಮೆರಿಕದ ಊರುಗಳಲ್ಲಿ ಮಕ್ಕಳು ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟುತ್ತಾರೆ. ಹ್ಯಾಲೋವೀನ್ ಎಂದು ಇದಕ್ಕೆ ಹೆಸರು. ಕ್ರೈಸ್ತರ ಸಕಲ ಸಂತರ ಹಬ್ಬದ ಮುನ್ನಾದಿನವಿದು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ವಲಸೆಗಾರರು 19ನೆಯ ಶತಮಾನದಲ್ಲಿ ಇದನ್ನು ಅಲ್ಲಿ ಬೇರೂರಿಸಿದರು. ಆಟಿ ತಿಂಗಳಲ್ಲಿ ಕಳೆಂಜ ಅಂಗಳಕ್ಕೆ ಬಂದು ಅಕ್ಕಿ, ಕಾಯಿ ಪಡೆದು ಹೋಗುವುದನ್ನು ಕಂಡಿರುವ ನಮ್ಮ ಓದುಗರಿಗೆ ಈ ಪದ್ಧತಿ ತೀರ ಅಪರಿಚಿತವೆನಿಸಲಾರದು. ಆದರೆ ಅಲ್ಲಿ ಮಕ್ಕಳ ಚೀಲಕ್ಕೆ ಬೀಳುವುದು ಮಿಠಾಯಿ.

ಕೆಲವು ಮನೆಗಳಲ್ಲಿ ಮಾತ್ರ ಮಿಠಾಯಿಯ ಬದಲು ಉಣ್ಣೆಯಿಂದ ಹೆಣೆದ, ಹೆಬ್ಬೆರಳಿನ ಗಾತ್ರದ ವಿಕಾರ ಬೊಂಬೆಯೊಂದು ದೊರೆಯುತ್ತದೆ. ಒಂದೇ ಕಣ್ಣು, ಮೂರು ಕಾಲು, ಹೊರಚಾಚಿದ ಹಲ್ಲು! ಇವನ್ನು ಭೂತ ಎಂದು ಬರೆಯಲು ನಮಗೆ ಮನಸ್ಸಾಗದು. ನಮ್ಮ ಕಡೆ ಭೂತವೆಂದರೆ ಕೈಮುಗಿಯುವ ದೈವ. ಗುಮ್ಮ ಎಂದರೆ ಸರಿಹೋದೀತು.

ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಲೆಂದೋ ಆ ದೇಶಕ್ಕೆ ಹೋಗಿ ಬರುವ ತಾಯಂದಿರು ನಮ್ಮ ಓದುಗರ ಮನೆಗಳಲ್ಲೂ ಇದ್ದಾರೆ. ಉಂಡೆ, ಚಕ್ಕುಲಿ ಮಾಡಿ ಹಂಚೋಣವೆಂದು ಅವರು ಹೊರಟರೆ ಮನೆಯವರು ತಡೆಯುವುದು ಖಂಡಿತ. ಅಲ್ಲಿ ಮನೆಯಲ್ಲಿ ಮಾಡಿದ ತಿಂಡಿಯನ್ನು ಗುರುತಿಲ್ಲದವರ ಮಕ್ಕಳಿಗೆ ಕೊಡುವಂತಿಲ್ಲ. ಕೊಟ್ಟರೂ ಹೆತ್ತವರು ಅದನ್ನು ಎಸೆದುಬಿಡುತ್ತಾರೆ.

ಮೊದಲು ಹೀಗಿರಲಿಲ್ಲ. ಸೇಬು, ಕಡಲೆ, ಬೆಲ್ಲದ ಪಾಕದಂಥ ಪಾಕದಲ್ಲಿ ಕಟ್ಟಿದ ಜೋಳದ ಅರಳಿನ ಉಂಡೆ, ಮನೆಯ ಬಿಸ್ಕತ್ತು ಎಲ್ಲವೂ ಚೀಲ ಸೇರುತ್ತಿದ್ದವು. ಎರಡನೆಯ ಮಹಾಯುದ್ಧಕಾಲದ ಸಕ್ಕರೆ ಪಡಿತರ 1947ರಲ್ಲಿ ಕೊನೆಗೊಂಡ ಬಳಿಕ ಕಾರ್ಖಾನೆಯ ಮಿಠಾಯಿ ಮುಂದೆ ಬಂತು. ಮನೆಯ ತಿಂಡಿಯನ್ನು ಪೂರ್ತಿ ಹೊರದಬ್ಬಿದ್ದು ಭಯ. ಸೇಬಿನೊಳಗೆ ಬ್ಲೇಡು, ಮಿಠಾಯಿಯಲ್ಲಿ ವಿಷ ಎಂಬ ಸುದ್ದಿಗಳು ಹಬ್ಬಿದವು. 1974ರಲ್ಲಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಬಾಲಕನೊಬ್ಬ ಸಯನೈಡ್ ಬೆರೆತ ಸಿಹಿ ಪುಡಿ ತಿಂದು ಸತ್ತ. ವಿಷವಿಕ್ಕಿದವನು ಯಾರೋ ದಾರಿಹೋಕನಲ್ಲ, ವಿಮೆಯ ಹಣದ ಆಸೆಗೆ ಬಿದ್ದ ಸ್ವಂತ ತಂದೆ! 1984ರಲ್ಲಿ ಆತನಿಗೆ ಮರಣದಂಡನೆಯಾಯಿತು. ಈ ನಡುವೆ 1982ರ ಶರತ್ಕಾಲದಲ್ಲಿ ಶಿಕಾಗೋ ಪರಿಸರದಲ್ಲಿ ಸಯನೈಡ್ ತುಂಬಿದ ಟೈಲೆನಾಲ್ ಮಾತ್ರೆ ನುಂಗಿ ಏಳು ಮಂದಿ ಅಸುನೀಗಿದರು. ಅದಕ್ಕೂ ಹಬ್ಬಕ್ಕೂ ಸಂಬಂಧವಿರಲಿಲ್ಲ; ಆದರೂ ಹಬ್ಬದ ಹೊಸ್ತಿಲಲ್ಲಿ ಆ ಸುದ್ದಿ ಕೇಳಿದ ತಾಯಂದಿರ ಎದೆ ನಡುಗದಿರಲು ಸಾಧ್ಯವೇ?

ಸಮಾಜಶಾಸ್ತ್ರಜ್ಞರಾದ ಜೋಯೆಲ್ ಬೆಸ್ಟ್ ಮತ್ತು ಜೆರಾಲ್ಡ್ ಹೊರಿಯುಚಿ 1958ರಿಂದೀಚಿನ ಪತ್ರಿಕಾ ವರದಿಗಳನ್ನು ಜಾಲಾಡಿ 1985ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅಪರಿಚಿತರು ಹಂಚಿದ ತಿನಿಸಿನಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಇಷ್ಟಾದರೂ ಶಂಕೆ ಹೋಗಲಿಲ್ಲ. ಅಜ್ಜಿಯ ಕೈರುಚಿಯನ್ನು ಒಂದು ವದಂತಿ ಬೀದಿಯಿಂದ ಓಡಿಸಿಬಿಟ್ಟಿತೆಂಬುದು ನಮಗೆ ನೋವಿನ ಸಂಗತಿಯಾಗಿಯೇ ಕಾಣುತ್ತದೆ.

ಬಾಯಿಗೆ ಹಾಕುವ ವಸ್ತುವಲ್ಲದ ಗುಮ್ಮಕ್ಕೆ ಈ ತಡೆ ಇಲ್ಲ. ಕಡಲೆಕಾಯಿ, ಹಾಲು ಮೊದಲಾದವು ಒಗ್ಗದ ಮಕ್ಕಳಿಗಂತೂ ಇದು ಹೆಚ್ಚಿನ ಅನುಕೂಲ. ಅಂಥ ಮಕ್ಕಳಿಗಾಗಿ 2014ರಿಂದ ಆ ದೇಶದಾದ್ಯಂತ ಒಂದು ಏರ್ಪಾಡು ನಡೆದುಬಂದಿದೆ: ಹಸಿರುನೀಲಿ ಬಣ್ಣ ಬಳಿದ ಕುಂಬಳಕಾಯಿ ಬಾಗಿಲ ಬಳಿ ಇದ್ದರೆ, ಆ ಮನೆಯಲ್ಲಿ ತಿನಿಸಲ್ಲದ ಉಡುಗೊರೆಯೂ ಉಂಟೆಂದು ಅರ್ಥ.

ಹೆಣೆಯುವ ಕ್ರಮ ಸ್ವೆಟರ್ ಬಲ್ಲವರಿಗೆ ಕಷ್ಟವಲ್ಲ. ತೆಳ್ಳನೆಯ ನೂಲು, ಎರಡು ಮಿಲಿಮೀಟರಿನಷ್ಟು ಸಪುರದ, ಎರಡೂ ತುದಿ ಚೂಪಾದ ನಾಲ್ಕು ಕಡ್ಡಿ ಬೇಕು. ಆರು ಕುಣಿಕೆ ಹಾಕಿ ಸುತ್ತುಹೆಣಿಗೆ ಆರಂಭಿಸಿ, ಪ್ರತಿ ಕುಣಿಕೆಯನ್ನು ಎರಡಾಗಿಸಿ 12, ಮತ್ತೊಮ್ಮೆ 24 ಮಾಡಬೇಕು. ಇಪ್ಪತ್ತು ಸುತ್ತು ನೇರವಾಗಿ ಹೆಣೆದರೆ ಸುಮಾರು ಎರಡು ಅಂಗುಲದ ಮೈ ಆಯಿತು. ಎರಡೆರಡು ಕುಣಿಕೆ ಸೇರಿಸಿ ಹನ್ನೆರಡಕ್ಕಿಳಿಸಿ, ಒಳಗೆ ನೂಲಿನ ಚೂರುಗಳನ್ನು ತುಂಬಿ, ಉಳಿದ ಕುಣಿಕೆಗಳ ಮೂಲಕ ನೂಲು ಪೋಣಿಸಿ ಬಿಗಿದರೆ ತಲೆ ಮುಚ್ಚಿತು. ಹೆಣಿಗೆ ಬಿಗಿಯಾಗಿರಲಿ, ಇಲ್ಲವಾದರೆ ಒಳಗಿನ ಚೂರು ಹೊರಗಿಣುಕುತ್ತದೆ. ರೆಬೆಕ್ಕಾ ಡೇಂಜರ್ ಎಂಬ ಲೇಖಕಿ 2011ರಲ್ಲಿ ಹೆಣಿಗೆಯ ಗುಮ್ಮಗಳಿಗೇ ಮೀಸಲಾದ ಪುಸ್ತಕವೊಂದನ್ನು ಹೊರತಂದಿದ್ದಾರೆ. ಕಲಿಯುವವರಿಗೆ ಗುಮ್ಮದಂಥ ಬೊಂಬೆ ಬೇರಿಲ್ಲ. ಮೊಲದ ಕಿವಿ ಸೊಟ್ಟಗಾದರೆ ಜನ ನಗುತ್ತಾರೆ. ಗುಮ್ಮದ ಕಿವಿ ಸೊಟ್ಟಗಾದಷ್ಟೂ ಚೆಂದ.

ಕಣ್ಣಿಗೆ ಮಣಿ, ಗುಂಡಿ ಬೇಡ; ನೂಲಿನಲ್ಲೇ ಕಸೂತಿ ಹಾಕಿ. ಮೂರು ವರ್ಷ ತುಂಬದ ಮಕ್ಕಳ ಆಟಿಕೆಗಳಿಗೆ ಅಮೆರಿಕದಲ್ಲಿ 1980ರಿಂದ ಒಂದು ನಿಯಮವಿದೆ. ಒಂದೂಕಾಲು ಅಂಗುಲ ಅಗಲ, ಹೆಚ್ಚೆಂದರೆ ಎರಡೂಕಾಲು ಅಂಗುಲ ಆಳದ ಕೊಳವೆಯೊಳಗೆ ಪೂರ್ತಿ ಇಳಿಯುವ ವಸ್ತು ಆ ವಯಸ್ಸಿನವರಿಗೆ ಸಲ್ಲದು, ಗಂಟಲಲ್ಲಿ ಸಿಕ್ಕಿಕೊಂಡೀತು. ಮೇಲೆ ಹೇಳಿದ ಗುಮ್ಮ ಅದರೊಳಗೆ ಇಳಿಯುತ್ತದೆ! ಕೈಕೂಸುಗಳಿಗಾಗಿ ದಪ್ಪ ನೂಲಿನಲ್ಲಿ ಅಂಗೈಯಷ್ಟು ದೊಡ್ಡದನ್ನೇ ಹೆಣೆಯಬೇಕು.

ಒಂದಕ್ಕೆ ಎರಡು ಗಂಟೆ ಹಿಡಿದರೆ ಇಪ್ಪತ್ತಕ್ಕೆ ನಲ್ವತ್ತು ಗಂಟೆ. ನೂರು ಮಕ್ಕಳು ಬರುವ ಬೀದಿಯಲ್ಲಿ ಎಲ್ಲರಿಗೂ ಕೊಡುವ ಹಟ ಬೇಡ. ಅಕ್ಕಪಕ್ಕದ ಮನೆಯವರಿಗೆ, ಮೊಮ್ಮಗಳ ತರಗತಿಯ ಗೆಳತಿಯರಿಗೆ, ತಿಂಡಿ ಒಗ್ಗದ ಮಕ್ಕಳಿಗೆ ಗುಮ್ಮ. ಮಿಕ್ಕವರಿಗೆ ಅಂಗಡಿಯ ಮಿಠಾಯಿ ಸಾಕು. ಆಗಸ್ಟ್ ತಿಂಗಳಲ್ಲೇ ಕೈಹಚ್ಚಿದರೆ ಅವಸರವಾಗದು. ಕೊಡುವಾಗ ಪೊಟ್ಟಣ ಕಟ್ಟಬೇಡಿ, ಬುಟ್ಟಿಯಲ್ಲಿ ಹಾಗೆಯೇ ಇಡಿ. ಏನು ಕೊಟ್ಟರೆಂದು ಮಗುವಿನ ಜತೆ ಬಂದ ತಾಯಿಗೂ ಬಾಗಿಲಲ್ಲೇ ಕಾಣುವಂತಿರಲಿ.